ಮನೆಯಿಂದಾಚೆ ಮೀಟರು

ಹಾಲ್ಕುರಿಕೆ,
೧೬ ಮಾರ್ಚ್ ೨೦೨೫

ಅಲ್ಲ ಕಣ್ಲಾ ಶಿವಣ್ಣ, ಅಟ್ಟದ ತುಂಬ ಕೊಬ್ಬರಿ ಇರುವಾಗ ಆ ಇಲಿಗೆ ವೈರು ಕಡಿಯುವ ದರ್ದು ಏನಿತ್ತು, ನೀನೇ ಹೇಳು. ನಾನು ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದೆ. ಸುಟ್ಟ ವಾಸನೆ ಬಂತು. ಸೊಸೆ ಮಂಗಳಾ ಒಗ್ಗರಣೆ ಸೀಯಿಸಿದಳು ಅಂದುಕೊಂಡೆ. ಅವಳು, ನಾನು ಬೀಡಿ ಸೇದಿ ಎಲ್ಲೋ ಎಸೆದಿದ್ದೇನೆ ಅಂದುಕೊಂಡು, "ಮಾವ, ಎಲ್ಲಿ ಹಾಕಿದ್ರಿ ಬೀಡೀನ?" ಅಂತ ಒಳಗಿನಿಂದಲೇ ಕೂಗಿದಳು. ಒಬ್ಬರನ್ನೊಬ್ಬರು ಗದರಿಕೊಂಡು ಮುಗಿಯುವ ಹೊತ್ತಿಗೆ ಕೊಬ್ಬರಿ ಕೋಣೆಯಿಂದ ಹೊಗೆ. ಮೀಟರ್ ಬೋರ್ಡಿನ ಹಿಂದೆ ಚಟಚಟ ಕಿಡಿ. ತಲೆ ಎತ್ತಿ ನೋಡಿದರೆ ಅಟ್ಟದ ಮೇಲೆ ಕಳೆದ ವರ್ಷದ ಕಾಯಿ ಮಟ್ಟೆ ಸಮೇತ ಒಣಗಿ ಬೆಂಕಿಗಾಗಿಯೇ ಕಾದ ಹಾಗೆ ಕೂತಿದೆ. ಮಂಗಳಾ ರಬ್ಬರ್ ಚಪ್ಪಲಿ ಮೆಟ್ಟಿ, ಒನಕೆ ತಂದು, ಅದರ ತುದಿಯಲ್ಲಿ ಮೇನ್ ಸ್ವಿಚ್ಚಿನ ಹಿಡಿಯನ್ನು ಕೆಳಗೆ ಎಳೆದಳು. ಕಿಡಿ ಆರಿತು. ಇಲಿ ಮೊದಲೇ ಆರಿತ್ತು.

ನಿನಗೆ ಗೊತ್ತಲ್ಲ, ಮನೆಗೆ ಕರೆಂಟು ಬಂದಾಗ ಮೀಟರಿಗೆ ಒಣ ಜಾಗ ಬೇಕು ಅಂದರು. ನಮ್ಮ ಸೀಮೆಯಲ್ಲಿ ಒಣ ಜಾಗ ಅಂದರೆ ಕೊಬ್ಬರಿ ಕೋಣೆಯೇ. ಸುತ್ತಿನ ಊರುಗಳಲ್ಲಿ ಹಳೇ ಮನೆ ಯಾವುದಕ್ಕೇ ಹೋಗಿ ನೋಡು, ಮೇಲೆ ಅಟ್ಟ, ಕೆಳಗೆ ಮೀಟರು. ಎಲ್ಲಾ ಅಚ್ಚುಕಟ್ಟು ಅಂದುಕೊಂಡೇ ಮಾಡಿದ್ದು.

ಈಗ ವಿಷಯಕ್ಕೆ ಬರುತ್ತೇನೆ. ಐ ಬೆಗ್ ಟು ಸ್ಟೇಟ್ ದಟ್, ಮಂಗಳಾ ಒಂದು ಎಣ್ಣೆ ಗಾಣ ಹಾಕಲು ಹೊರಟಿದ್ದಾಳೆ. ಉಂಡೆಯಾಗಿ ಬಾರದೆ ಒಡೆದು ಹೋದ ಕೊಬ್ಬರಿಯನ್ನು ಸಿಕ್ಕ ಬೆಲೆಗೆ ಕೊಟ್ಟುಬಿಡುತ್ತಿದ್ದೆವಲ್ಲ, ಅದನ್ನು ಇಲ್ಲೇ ಹಿಂಡುತ್ತಾಳಂತೆ. ಕರೆಂಟಿನ ಗಾಣ, ತ್ರೀ ಫೇಸ್ ಬೇಕು. ನಿನ್ನ ಸೋದರಳಿಯ ಪರಮೇಶಿ ಬೆಳಿಗ್ಗೆ ಸಂಜೆ ಸ್ಕೂಲ್ ವ್ಯಾನು ಓಡಿಸಿ, ನಡುವೆ ಅವಳ ಹಿಂದೆ ಆಫೀಸು ಸುತ್ತುತ್ತಾನೆ. ಕಿಡಿಯ ಸುದ್ದಿ ಕೇಳಿ ಕರೆಂಟ್ ಆಫೀಸಿನ ಸಾಹೇಬರು ಬಂದರು. ಒಳಗೆ ಕಾಲಿಟ್ಟವರು ಅಟ್ಟ ನೋಡಿ, ಬೋರ್ಡು ನೋಡಿ, ಹಾಗೇ ಹಿಂದಕ್ಕೆ ಬಂದುಬಿಟ್ಟರು.

"ಯಜಮಾನ್ರೆ, ಇದು ಮನೇನೋ ಬೆಂಕಿಪೊಟ್ಣಾನೋ? ಮೀಟರು, ಮೇನು ಎರಡೂ ಮನೆಯಿಂದಾಚೆ ಬರ್ಬೇಕು. ಲೈನ್ ಕಂಬದ ಪಕ್ಕ ಒಂದು ಕಲ್ಲು ನೆಟ್ಟು ಪೆಟ್ಟಿಗೆ ಕೂರ್ಸಿ. ಅಲ್ಲಿಂದ ನೆಲದೊಳಗೆ ಪೈಪಲ್ಲಿ ಕೇಬಲ್ ತನ್ನಿ. ನಾಳೆ ಒಳಗೆ ಏನಾದ್ರೂ ಆಚೆ ನಿಂತೇ ಆಫ್ ಮಾಡ್ಬೋದು. ಹಂಗಾದ್ರೆ ಗಾಣಕ್ಕೆ ಲೈನು, ಇಲ್ದಿದ್ರೆ ಇಲ್ಲ."

ಸರಿ ಅಂದೆ. ಅವರು ತೋಟದೊಳಗೆ ಹೋಗಿ ಅತ್ತ ಇತ್ತ ನೋಡಿ ಜಾಗ ತೋರಿಸಿದರು. ಸುತ್ತ ಮರ, ಎಲ್ಲಿ ನಿಂತರೂ ಗರಿಯೋ ಕಾಯೋ ಬೀಳುತ್ತದೆ, ಬೀಳದೇ ಇರುವುದು ಕಂಬದ ಮಗ್ಗುಲಿನ ಆ ಒಂದು ತುಣುಕು ಬಯಲು ಮಾತ್ರ ಅಂದರು. ಯಾವ ಬಯಲು ಅಂತ ನಿನಗೆ ನಾನು ಹೇಳಬೇಕಿಲ್ಲ. ಮೂರು ವರ್ಷದ ಹಿಂದೆ ನೀನೂ ನಾನೂ ಅದನ್ನೇ ನೋಡಿ, ಅದೇ ಮಾತು ಆಡಿ, ನಿನ್ನ ತಂಗಿ, ನನ್ನ ಗೌರನಿಗೆ ಆ ಜಾಗ ಆರಿಸಿದೆವು. ಮೇಲೆ ಏನೂ ಬೀಳದಿರಲಿ ಅಂತ.

ಅವತ್ತು ಅವಳ ಗುಂಡಿಗೆ ಹಾಕಲು ಉಪ್ಪಿನ ಮೂಟೆಯನ್ನು ಹುಳಿಯಾರಿನಿಂದ ತಂದು ಇಳಿಸಿದವನು ನೀನು. ಮೊದಲ ಹಿಡಿ ಮಣ್ಣು ಹಾಕಿದವನೂ ನೀನೇ. ಅದಕ್ಕೇ ಸಾಹೇಬರಿಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ನನ್ನದೊಂದು ಪ್ಲಾನು ಇದೆ. ಪರಮೇಶಿ ಹುಟ್ಟಿದಾಗ ಗೌರ ನೆಟ್ಟ ಮರ ಮನೆಗೂ ಕಂಬಕ್ಕೂ ನಟ್ಟನಡುವೆ ಇದೆ. ಅದಕ್ಕೇ ಮೀಟರ್ ಪೆಟ್ಟಿಗೆ ಕಟ್ಟಿಸಿಬಿಟ್ಟರೆ ಹೇಗೆ? ಮರ ಅಂದಮೇಲೆ ಇನ್ಸುಲೇಟರ್. ನಮ್ಮ ಫಿಸಿಕ್ಸ್ ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದು ಕಣ್ಣಿಗೆ ಕಟ್ಟಿದ ಹಾಗಿದೆ: ವುಡ್ ಈಸ್ ಎ ಬ್ಯಾಡ್ ಕಂಡಕ್ಟರ್, ದೇರ್‌ಫೋರ್... ದೇರ್‌ಫೋರ್ ಆದಮೇಲೆ ಏನಿತ್ತೋ ಮರೆತಿದೆ. ನಿನಗೆ ನೆನಪಿದ್ದರೆ ಬರಿ.

ಕಾಫಿ ಆರುತ್ತಿದೆ ಅಂತ ಮಂಗಳಾ ಕರೆಯುತ್ತಿದ್ದಾಳೆ.

ನಿನ್ನ ಹಳೇ ಬೆಂಚಿನ ಜೊತೆಗಾರ, ಭಾವ,
ಕರಿಬಸವಯ್ಯ


ಕಂದಿಕೆರೆ,
೨೯ ಮಾರ್ಚ್ ೨೦೨೫

ಲೇ ಕರಿಬಸವ,

ಗೌರನ ವರ್ಷದ ಕಾರ್ಯ ಆದಮೇಲೆ ನಿನ್ನಿಂದ ಒಂದು ಕಾಗದ ಇಲ್ಲ. ಈಗ ಬರೆದವನು ಶಿವಣ್ಣ ಸತ್ತನೋ ಬದುಕಿದನೋ ಅಂತ ಕೇಳದೆ ಇಲಿಯ ಸಾವಿನ ವರದಿ ಕಳಿಸಿದ್ದೀಯ. ಬದುಕಿದ್ದೇನೆ. ಕಿವಿ ಮಾತ್ರ ಪೂರಾ ಹೋಗಿದೆ. ಪರಮೇಶಿ ಫೋನ್ ಮಾಡಿದರೆ ತಗಡಿನ ಮೇಲೆ ಮಳೆ ಬಿದ್ದ ಹಾಗೆ ಕೇಳುತ್ತದೆ. ಅದಕ್ಕೆ ನೀನು ಕಾಗದ ಬರೆದದ್ದೇ ಒಳ್ಳೆಯದಾಯಿತು. ಬಯ್ಯುವುದನ್ನು ಸಮಾಧಾನವಾಗಿ ಬಯ್ಯಬಹುದು.

ತೆಂಗಿನ ಮರಕ್ಕೆ ಮೀಟರು ಕಟ್ಟುತ್ತೀಯಾ? ರೀಡಿಂಗ್ ಬರೆಯಲು ಬಂದವನ ತಲೆಯ ಮೇಲೆ ಕಾಯಿ ಬಿದ್ದರೆ ಬಿಲ್ಲು ನಿನಗೆ ಕೊಡಬೇಕೋ ಮರಕ್ಕೆ ಕೊಡಬೇಕೋ? ಗಾಳಿಗೆ ಮರ ಓಲಾಡುತ್ತದೆ, ವೈರು ಅದರ ಜೊತೆ ಕುಣಿಯುತ್ತದೆ. ಹಸೀ ಮರದೊಳಗೆ ನೀರು ಹರಿಯುತ್ತದೆ ಕಣ್ಲಾ, ಅದೆಲ್ಲಿಯ ಇನ್ಸುಲೇಟರು. ದೇರ್‌ಫೋರ್ ಆದಮೇಲೆ ಏನಿತ್ತು ಅಂದರೆ, ಮೇಷ್ಟ್ರು ನಿನ್ನನ್ನು ಆಚೆಗೆ ಕಳಿಸಿದ್ದರು. ಕಿಟಕಿಯಾಚೆ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ ಅಂತ. ಅದಕ್ಕೇ ನೆನಪಿಲ್ಲ.

ಸೊಸೆ ಒನಕೆ ಹಿಡಿದ ಸಂಗತಿ ಓದಿ ಖುಷಿಯಾಯಿತು. ಅವಳಿಗೆ ನನ್ನ ಕಡೆಯಿಂದ ಶಾಬಾಸ್ ಹೇಳು.

ಜಾಗದ ವಿಷಯ ಆಮೇಲೆ ನೋಡೋಣ. ಹಸು ಈಯುವ ದಿನ ಹತ್ತಿರ ಬಂದಿದೆ. ಮಂಡಿನೋವು ಬೇರೆ. ಮೊನ್ನೆ ಬೋರನಕಣಿವೆಗೆ ಹೋಗಿದ್ದೆ, ನೀರು ಕೆಳಗಿದೆ.

ಇಂತಿ, ಬದುಕಿರುವ
ಶಿವಣ್ಣ


ಹಾಲ್ಕುರಿಕೆ,
೨೦ ಏಪ್ರಿಲ್ ೨೦೨೫

ಬೋರನಕಣಿವೆಯ ತನಕ ಹೋಗಿಬರುವ ಮಂಡಿ ಹಾಲ್ಕುರಿಕೆಗೆ ಮಾತ್ರ ಯಾಕೆ ನೋಯುತ್ತದೆ ಅಂತ ನಾನು ಕೇಳುವುದಿಲ್ಲ ಬಿಡು. ಹಸು ಏನು ಹಾಕಿತು? ಹೆಣ್ಣೋ, ಹೋರಿಯೋ?

ನಿನ್ನ ಮಾತು ಕೇಳದೆ ನಾನು ಮರದ ಪ್ಲಾನನ್ನು ಸಾಹೇಬರ ಮುಂದೆ ಇಟ್ಟೆ. ನಮ್ಮ ವೈರಿಂಗ್ ಕಂಟ್ರಾಕ್ಟರ್ ಸೂರ್ಯಪ್ರಕಾಶ್ ಇದ್ದಾನಲ್ಲ, ಅವನು ಮೊದಲಿಗೆ, "ಆಗ್ಬೋದು ಬುಡಿ ಸಾರ್, ಬೆಲ್ಟ್ ಹಾಕಿ ಬಿಗಿದ್ರೆ ಕೂತ್ಕೊತದೆ" ಅಂತ ನನ್ನ ಪಕ್ಷ ವಹಿಸಿದ್ದ. ಸಾಹೇಬರು ನಕ್ಕಕೂಡಲೇ ಅವನೂ ನಕ್ಕು, "ನಾನೂ ಅದೇ ಹೇಳ್ದೆ, ಯಜಮಾನ್ರು ಕೇಳ್ನಿಲ್ಲ" ಅಂದ. ಐ ವಾಸ್ ಅಲೋನ್ ಇನ್ ದಿ ಬ್ಯಾಟಲ್‌ಫೀಲ್ಡ್.

ಸಾಹೇಬರು ಹೋದಮೇಲೆ ಮಂಗಳಾ ಕಾಫಿ ಲೋಟ ತೆಗೆದುಕೊಂಡು ಹೋಗಲು ಬಂದವಳು ಅಲ್ಲೇ ಜಗಲಿಯ ಕಂಬಕ್ಕೆ ಒರಗಿ ನಿಂತಳು.

"ಮಾವ, ಒಂದ್ ಮಾತ್ ಹೇಳ್ಲಾ? ಬೇಜಾರ್ ಮಾಡ್ಕೋಬಾರ್ದು."

"ಹೇಳವ್ವ."

"ಅತ್ತೆ ಪಕ್ಕ ಅಗೆಯಾದು ನಿಮಗೆ ಇಷ್ಟ ಇಲ್ಲ ಅಂದ್ರೆ ಬ್ಯಾಡ. ನಾನು ಬಲವಂತ ಮಾಡಾಕಿಲ್ಲ. ತುರುವೇಕೆರೇಲಿ ನಮ್ಮಣ್ಣನ ಶೆಡ್ಡು ಖಾಲಿ ಐತೆ, ತ್ರೀ ಫೇಸ್ ಐತೆ. ಗಾಣ ಅಲ್ಲೇ ಹಾಕ್ಕೊತೀನಿ."

"ಹಾಕ್ಕೊಂಡು? ದಿನಾ ಓಡಾಡ್ತೀಯಾ?"

ಅವಳು ಲೋಟದ ತಳ ನೋಡಿದಳು. "ದಿನಾ ಎಂಗಾಯ್ತದೆ ಮಾವ. ಪಾಪುನ ಅಲ್ಲೇ ಸ್ಕೂಲಿಗೆ ಸೇರಿಸ್ಬೇಕಾಯ್ತದೆ. ನೀವೂ ಬನ್ನಿ."

ನೀವೂ ಬನ್ನಿ ಅಂದದ್ದು ಬಾಯಿಮಾತಿಗಲ್ಲ, ಮನಸ್ಸಿನಿಂದಲೇ. ಅದು ನನಗೆ ಗೊತ್ತು. ಆದರೆ ನಾನು ಈ ತೋಟ ಬಿಟ್ಟು ಹೋಗುವವನಲ್ಲ ಅನ್ನುವುದು ಅವಳಿಗೂ ಗೊತ್ತು. ಮಕ್ಕಳು ತಂದೆಯನ್ನು ಬಿಟ್ಟು ಹೋದರು ಅಂತ ಊರವರು ಆಡಿಕೊಂಡರೆ ಅದು ಸುಳ್ಳಾಗುತ್ತದೆ ಶಿವಣ್ಣ. ಅವರು ಹೋಗಬೇಕಾಗಿ ಬಂದರೆ ಅದು ಒಂದು ಕಲ್ಲು ನೆಡಲು ನಾನು ಜಾಗ ಕೊಡಲಿಲ್ಲ ಅನ್ನುವ ಕಾರಣಕ್ಕೆ.

ಇನ್ನು ಸುತ್ತಿ ಬಳಸಿ ಬರೆಯುವುದಿಲ್ಲ. ಗೌರನ ಸಮಾಧಿಯಿಂದ ಒಂದು ಮಾರು ದೂರದಲ್ಲಿ ಗುಂಡಿ ತೆಗೆಯಬೇಕು, ಅಲ್ಲಿಂದ ಮನೆಗೆ ಕಾಲುವೆ ತೋಡಬೇಕು. ತವರಿನವರು ಮುಚ್ಚಿದ ಮಣ್ಣಿನ ಮಗ್ಗುಲಿಗೆ ತವರಿನವರನ್ನು ಕೇಳದೆ ಹಾರೆ ಹಾಕಬಾರದು ಅಂತ ನಮ್ಮ ಅವ್ವ ಹೇಳುತ್ತಿದ್ದಳು. ಆ ತವರಲ್ಲಿ ಈಗ ಉಳಿದಿರುವವನು ನೀನೊಬ್ಬನೇ. ಹಾಕಲೋ ಬೇಡವೋ?

ಎಸ್ ಆರ್ ನೋ. ಕಾಲೇಜಿನಲ್ಲಿ ಟಿಕ್ ಹಾಕುತ್ತಿದ್ದೆವಲ್ಲ, ಹಾಗೆ ಹಾಕಿ ಕಳಿಸು.

ನಿನ್ನ ಉತ್ತರಕ್ಕೆ ಕಾದಿರುವ
ಕರಿಬಸವಯ್ಯ


(ಕಾರ್ಡು)

ಕಂದಿಕೆರೆ,
೨ ಮೇ ೨೦೨೫

ಹೆಣ್ಣು ಕರು. ಚೆನ್ನಾಗಿದೆ.

ಆ ಜಾಗ ಮುಟ್ಟಬೇಡ.

ಶಿವಣ್ಣ


ಹಾಲ್ಕುರಿಕೆ,
೧೮ ಮೇ ೨೦೨೫

ಮುಟ್ಟಿಲ್ಲ. ಮುಟ್ಟುವುದಿಲ್ಲ. ಅದು ಹಾಗಿರಲಿ.

ಮಳೆ ಬಂತೆ ನಿಮ್ಮಲ್ಲಿ? ನಮ್ಮಲ್ಲಿ ಮಂಗಳವಾರ ಮಧ್ಯಾಹ್ನ ಬಂತು. ಮಳೆಗಿಂತ ಮೊದಲು ಸಿಡಿಲು. ನಾನು ಜಗಲಿಯ ಮೇಲೇ ಇದ್ದೆ. ಕಣ್ಣ ಮುಂದೆ ಬೆಳ್ಳಗಾಯಿತು, ಆಮೇಲೆ ನಿನ್ನ ಕಿವಿಯೂ ನನ್ನ ಕಿವಿಯೂ ಒಂದೇ ಆಯಿತು. ಮಂಗಳಾ ಬಾಯಿ ಆಡಿಸುತ್ತಿದ್ದಾಳೆ, ಏನೂ ಕೇಳುತ್ತಿಲ್ಲ. ಅವಳು ಕೈ ತೋರಿಸಿದ ಕಡೆ ನೋಡಿದರೆ ಗೌರ ನೆಟ್ಟ ಮರದ ಸುಳಿಯಲ್ಲಿ ಬೆಂಕಿ. ಮಳೆಯಲ್ಲೂ ಉರಿಯಿತು. ಗರಿಗಳು ಒಂದೊಂದಾಗಿ ಬಗ್ಗಿ ಕೆಳಗೆ ಬಿದ್ದವು. ಈಗ ಬರೀ ಕಾಂಡ ನಿಂತಿದೆ, ತಲೆ ಕರ್ರಗಾಗಿ.

ನಾನು ಆ ಮರಕ್ಕೇ ಮೀಟರು ಕಟ್ಟಲು ಹೊರಟಿದ್ದು. ಕಟ್ಟಿದ್ದಿದ್ದರೆ ಆ ಸಿಡಿಲು ವೈರು ಹಿಡಿದು ನೆಟ್ಟಗೆ ಕೊಬ್ಬರಿ ಕೋಣೆಗೆ ಬರುತ್ತಿತ್ತು. ನೀನು ನನ್ನ ಪ್ಲಾನಿಗೆ ನಕ್ಕದ್ದು ಒಳ್ಳೆಯದಾಯಿತು. ಇದನ್ನು ಬರೆದುಕೊಡುತ್ತಿದ್ದೇನೆ, ಜೋಪಾನವಾಗಿ ಇಟ್ಟುಕೋ, ಹೀಗೆ ದಿನಾ ಸಿಗುವುದಿಲ್ಲ.

ಅಳಬಾರದು ಅಂದುಕೊಂಡಿದ್ದೆ. ಮರಕ್ಕೆ ಅತ್ತೆನೋ, ನೆಟ್ಟವಳಿಗೆ ಅತ್ತೆನೋ. ಪರಮೇಶಿ ವ್ಯಾನು ನಿಲ್ಲಿಸಿ ಬಂದವನು ಮರದ ಬುಡ ಮುಟ್ಟಿ, "ನನ್ನ ವಯಸ್ಸಿಂದು ಕಣಪ್ಪಾ ಇದು" ಅಂದು ಒಳಗೆ ಹೋದ.

ಗಾಣದ ಮಾತು ಈಗ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಆ ಜಾಗ ನನಗೇ ಇಷ್ಟವಿಲ್ಲ ಅಂತ ಹೇಳಿದ್ದೇನೆ. ಮಂಗಳಾ ಭಾನುವಾರ ತುರುವೇಕೆರೆಗೆ ಹೋಗಿ ಶೆಡ್ಡು ನೋಡಿಕೊಂಡು ಬಂದಳು. ಬರುವಾಗ ನನಗೆ ಒಂದು ಸ್ವೆಟರ್ ತಂದಳು. ಮೇ ತಿಂಗಳಲ್ಲಿ ಸ್ವೆಟರ್. ಚಳಿಗಾಲಕ್ಕೆ ಬೇಕಾಗುತ್ತದೆ ಮಾವ, ಇಟ್ಟುಕೊಂಡಿರಿ ಅಂದಳು. ಆಗ ತಂದುಕೊಡಲು ತಾನು ಇಲ್ಲಿರುವುದಿಲ್ಲ ಅಂತ ಲೆಕ್ಕ.

ನಿನ್ನ ಕರುವಿಗೆ ಹೆಸರಿಟ್ಟೆಯಾ?

ಇಲ್ಲಿ ಎಲ್ಲರೂ ಆರೋಗ್ಯ,
ಕರಿಬಸವಯ್ಯ


ಹಾಲ್ಕುರಿಕೆ,
೬ ಜುಲೈ ೨೦೨೫

ಪೂಜ್ಯ ಶಿವಣ್ಣ ಮಾವನವರಿಗೆ ಮಂಗಳಾ ಮಾಡುವ ನಮಸ್ಕಾರಗಳು.

ನಾನು ನಿಮಗೆ ಕಾಗದ ಬರೆಯುತ್ತಿರುವುದು ನಮ್ಮ ಮಾವನಿಗೆ ಗೊತ್ತಿಲ್ಲ. ಗೊತ್ತಾದರೂ ಚಿಂತೆಯಿಲ್ಲ.

ಅವರು ಎಲ್ಲರ ಹತ್ತಿರವೂ ಆ ಜಾಗ ತಮಗೇ ಇಷ್ಟವಿಲ್ಲ ಎಂದು ಹೇಳುತ್ತಿದ್ದಾರೆ. ಆದರೆ ನೀವು ಬರೆದದ್ದು ಕಾರ್ಡು, ಮಾವ. ಪೋಸ್ಟ್‌ಮನ್ ಚಿಕ್ಕಣ್ಣ ಬೇಲಿಯ ಹತ್ತಿರವೇ ಓದಿ, "ಮುಟ್ಬ್ಯಾಡ ಅಂತೆ ಕಣವ್ವ" ಎಂದು ಹೇಳಿ ಕೊಟ್ಟು ಹೋದರು. ನಿಮ್ಮ ಮೇಲೆ ನಮಗೆ ತಪ್ಪು ಭಾವನೆ ಬರಬಾರದೆಂದು ಮಾವ ಅದನ್ನು ತಮ್ಮ ಮೇಲೆ ಹಾಕಿಕೊಂಡಿದ್ದಾರೆ. ನನಗೆ ನಿಮ್ಮ ಮೇಲೆ ಬೇಸರವಿಲ್ಲ. ಅತ್ತೆ ನಿಮಗೆ ತಂಗಿ. ನನ್ನ ಅಣ್ಣನೂ ಹಾಗೇ ಹೇಳುತ್ತಿದ್ದನೇನೋ.

ಒಂದು ಮಾತು ಮಾತ್ರ ನಿಮಗೆ ತಿಳಿದಿರಲಿ ಎಂದು ಬರೆಯುತ್ತೇನೆ. ಅತ್ತೆಗೆ ಆ ಮೀಟರ್ ಕಂಡರೆ ಆಗುತ್ತಿರಲಿಲ್ಲ. ಮೇನ್ ಸ್ವಿಚ್ಚು ಹಾಕುವ ಮೊದಲು ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಮಳೆಗಾಲದಲ್ಲಿ ಕೊಬ್ಬರಿ ಕೋಣೆಯ ಬಾಗಿಲು ಹಾಕಿ ಜಗಲಿಗೆ ಬಂದು ಕೂರುತ್ತಿದ್ದರು. "ಅಟ್ಟದ್ ಕೆಳಗೆ ಈ ಮಾರಿ ಯಾಕೆ ಕುಂತೈತೆ? ಇದ್ನ ಆಚೆ ಕೂರ್ಸಾಕೆ ಇಷ್ಟ್ ದೊಡ್ ತೋಟದಾಗೆ ಜಾಗ ಇಲ್ವೇನೇ ಮಂಗಳಾ" ಎಂದು ನಗುತ್ತಲೇ ಹೇಳುತ್ತಿದ್ದರು. ನಾನು ಹೊಸದಾಗಿ ಬಂದವಳು, ನಾನೂ ನಗುತ್ತಿದ್ದೆ.

ಇದನ್ನು ನಿಮ್ಮ ಮನಸ್ಸು ತಿರುಗಿಸಲೆಂದು ಬರೆದಿಲ್ಲ. ಶ್ರಾವಣ ಕಳೆದ ಮೇಲೆ ನಾವು ತುರುವೇಕೆರೆಗೆ ಹೋಗುವುದೆಂದು ಮಾತಾಗಿದೆ. ಮಾವ ಬರುವುದಿಲ್ಲ ಎನ್ನುತ್ತಾರೆ. ಸಂಜೆಯಾದರೆ ಹಗ್ಗ ಹಿಡಿದು ಸಮಾಧಿಯಿಂದ ಕಂಬಕ್ಕೆ ಅಳೆಯುತ್ತಾರೆ, ಅಲ್ಲಿಂದ ಮನೆಗೆ ಅಳೆಯುತ್ತಾರೆ, ಹಗ್ಗ ಸುತ್ತಿಕೊಂಡು ಸುಮ್ಮನೆ ಕೂರುತ್ತಾರೆ. ಊಟ ಕಡಿಮೆಯಾಗಿದೆ. ಜಾಗದ ಮಾತು ಬಿಡಿ, ನೀವು ಒಂದು ಸಲ ಬಂದು ಅವರ ಜೊತೆ ಊಟ ಮಾಡಿ ಹೋಗಿ. ನಿಮ್ಮನ್ನು ಬೈಯುವ ನೆಪದಲ್ಲಾದರೂ ಎರಡು ತುತ್ತು ಹೆಚ್ಚು ಉಣ್ಣುತ್ತಾರೆ.

ನಿಮ್ಮ ಸೊಸೆಯಂಥವಳು,
ಮಂಗಳಾ


ಕಂದಿಕೆರೆ,
೧೪ ಆಗಸ್ಟ್ ೨೦೨೫

ಲೇ ಕರಿಬಸವ,

ನಿನ್ನ ಸೊಸೆ ಕಾಗದ ಬರೆದಿದ್ದಳು. ಹುಡುಗಿಯನ್ನು ಗದರಬೇಡ. ಅವಳ ಅಕ್ಷರ ನಿನ್ನದಕ್ಕಿಂತ ಚೆನ್ನಾಗಿದೆ.

ಓದಿದ ದಿನವೇ ಉತ್ತರ ಬರೆಯಬೇಕೆಂದು ಕೂತೆ. ಆಗಲಿಲ್ಲ. ಇವತ್ತು ಆಗುತ್ತದೆಯೋ ನೋಡೋಣ.

ನಮ್ಮಪ್ಪ ಹೋದಮೇಲೆ ಗೌರಿಹಬ್ಬಕ್ಕೆ ಅವಳಿಗೆ ಬಾಗಿನ ತರುತ್ತಿದ್ದವನು ನಾನು. ಒಂದು ವರ್ಷವೂ ತಪ್ಪಿಸಿದವನಲ್ಲ. ಅವಳು ಹೋದ ಮೇಲಿನ ಹಬ್ಬಗಳಿಗೂ ನಾನು ಇಲ್ಲಿಂದ ಬಸ್ಸು ಹತ್ತಿದ್ದೇನೆ ಕಣೋ. ಚೀಲದಲ್ಲಿ ಸೀರೆ, ಬಳೆ, ಅರಿಶಿನ ಕುಂಕುಮ ಎಲ್ಲಾ ಇತ್ತು. ಹಾಲ್ಕುರಿಕೆ ಬಂತು ಅಂತ ಕಂಡಕ್ಟರ್ ಬಂದು ಭುಜ ತಟ್ಟಿದ. ಇಳಿಯಲಾಗಲಿಲ್ಲ. ತಿಪಟೂರಿಗೆ ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿದು ಅದೇ ಬಸ್ಸಿಗೆ ವಾಪಸ್ಸು ಬಂದೆ. ಬಾಗಿನ ಯಾರ ಕೈಗೆ ಕೊಡಲಿ? ಮಂಡಿಯಲ್ಲಿ ನೋವೇನೂ ಇಲ್ಲ.

ಅದಿರಲಿ. ಅವಳಿಗೆ ಕರೆಂಟ್ ಕಂಡರೆ ಭಯ ಅಂತ ಮಂಗಳಾ ಬರೆದದ್ದು ಓದಿ ನಗು ಬಂತು. ನಮ್ಮ ಮನೆಗೆ ಬಲ್ಬು ಬಂದ ದಿನ ಅವಳು ಕೊಟ್ಟಿಗೆಗೆ ಓಡಿ ಕರುವಿನ ಪಕ್ಕ ಕೂತಿದ್ದಳು. ಊಟಕ್ಕೆ ಕರೆದರೂ ಬರಲಿಲ್ಲ, "ಆ ದೀಪ ಆರ್ಸಿ, ಬತ್ತೀನಿ" ಅಂದಳು. ಆರಿಸಿ, ಬುಡ್ಡಿ ಹಚ್ಚಿದ ಮೇಲೆ ಬಂದು ಉಂಡಳು. ಅವಳು ಆಚೆ ಹಾಕು ಅಂದದ್ದನ್ನು ನಾನು ಒಳಗೇ ಇರಲಿ ಅಂದರೆ ಹೇಗೆ?

ಆ ಕೊಟ್ಟಿಗೆಯನ್ನು ಈ ಬೇಸಿಗೆಯಲ್ಲಿ ಬಿಚ್ಚಿಸಿದೆ. ಮೂಲೆಯ ಕಲ್ಲುಕಂಬ ಹಾಗೇ ಬಿದ್ದಿದೆ. ಆಳೆತ್ತರ, ನೆಲದೊಳಗೆ ಹೋಗಲು ಇನ್ನಷ್ಟಿದೆ. ಅದರಲ್ಲಿ ಹಗ್ಗ ಪೋಣಿಸುವ ತೂತು ಇದೆ. ಗೌರ ತನ್ನ ಕರು ಕಟ್ಟುತ್ತಿದ್ದದ್ದು ಅದಕ್ಕೇ. ಉಜ್ಜಿ ಉಜ್ಜಿ ತೂತಿನ ಅಂಚು ಗಾಜಿನ ಹಾಗೆ ನುಣುಪಾಗಿದೆ. ಮೀಟರಿನವರಿಗೆ ಕಲ್ಲು ತಾನೇ ಬೇಕಾಗಿರುವುದು? ಆ ತೂತಿಗೇ ಬೋಲ್ಟ್ ಹಾಕಿಕೊಳ್ಳಲಿ.

ಗೌರಿಹಬ್ಬದ ದಿನ ಬೆಳಿಗ್ಗೆ ಟ್ರ್ಯಾಕ್ಟರಿನಲ್ಲಿ ಕಲ್ಲು ಹಾಕಿಕೊಂಡು ಬರುತ್ತೇನೆ. ಈ ಸಲದ ಬಾಗಿನ ಅದು. ಟ್ರ್ಯಾಕ್ಟರ್ ಅಂದಮೇಲೆ ನಿಮ್ಮ ಬಾಗಿಲಲ್ಲೇ ನಿಲ್ಲುತ್ತದೆ, ಇಳಿಯದೆ ಮುಂದೆ ಹೋಗುವ ಹಾಗಿಲ್ಲ.

ಮೊದಲ ಹಾರೆ ನಾನು ಹಾಕುತ್ತೇನೆ. ಅಲ್ಲಿಯವರೆಗೆ ಆ ಜಾಗ ಮುಟ್ಟಬೇಡ.

ಕಡುಬು ಮಾಡಲು ಹೇಳು.

ಶಿವಣ್ಣ

ಕರುವಿಗೆ ಇನ್ನೂ ಹೆಸರಿಟ್ಟಿಲ್ಲ. ಮಂಗಳಾಳನ್ನು ಕೇಳು.


ಹಾಲ್ಕುರಿಕೆ,
೧೪ ಸೆಪ್ಟೆಂಬರ್ ೨೦೨೫

ಇನ್ನೊಂದು, ಹಬ್ಬ ಮುಗಿಸಿ ನೀನು ಟ್ರ್ಯಾಕ್ಟರ್ ಹತ್ತಿದ ಮೇಲೆ ಹೊಳೆದದ್ದು. ಕಲ್ಲು ಓರೆ ಆಯಿತು ಅಂತ ನೀನು ಸೂರ್ಯಪ್ರಕಾಶನ ಮೇಲೆ ರೇಗಾಡಿದೆಯಲ್ಲ, ಓರೆ ಆಗಿರುವುದು ನಿನ್ನ ಕಡೆಗೇ. ಕಂದಿಕೆರೆ ದಿಕ್ಕಿಗೆ. ಸಾಹೇಬರು ಬಂದು ನೋಡಿ, "ಇರ್ಲಿ ಬಿಡಿ, ಗಟ್ಟಿ ಇದೆ" ಅಂದರು. ಅಲ್ಲಿಗೆ ಮುಗಿಯಿತು. ಫರ್ಮ್ ಬಟ್ ಇನ್‌ಕ್ಲೈನ್ಡ್. ಮೇಷ್ಟ್ರು ಇದ್ದಿದ್ದರೆ ಅದನ್ನು ನನಗೇ ಹೇಳುತ್ತಿದ್ದರು.

ಮಂಗಳವಾರ ಲೈನು ಬಂತು. ಹಳೇ ಮೀಟರ್ ಬೋರ್ಡನ್ನು ಕೊಬ್ಬರಿ ಕೋಣೆಯಿಂದ ಕಿತ್ತರು. ಗೋಡೆಯ ಮೇಲೆ ಅದರ ಆಕಾರದ ಒಂದು ಬಿಳೀ ಚೌಕ ಉಳಿದಿದೆ. ಸುತ್ತ ಹೊಗೆಯ ಕಪ್ಪು. ಅಂಚಿನಲ್ಲಿ ಬೆರಳಿನಗಲ ವಿಭೂತಿಯ ಗೆರೆ ಇತ್ತು. ಸುಣ್ಣ ಹೊಡೆಯಲು ಬಂದವನಿಗೆ ಅದೊಂದು ಕಡೆ ಬಿಟ್ಟು ಹೊಡಿ ಅಂದೆ.

ಸಿಡಿಲು ಬಡಿದ ಮರವನ್ನು ಪರಮೇಶಿ ಇಳಿಸಿ ಸೀಳಿಸಿದ. ಬುಡದ ಕಡೆ ಒಳ್ಳೇ ಚೇಗು, ಕಬ್ಬಿಣದಂತಿದೆ. ಗಾಣದ ಮನೆಯ ಸೂರಿಗೆ ಅದೇ ತೊಲೆ. ಗಾಣ ಕೊಬ್ಬರಿ ಕೋಣೆಯಲ್ಲಿ ಬೇಡ, ಹಿತ್ತಲಲ್ಲಿ ಬೇರೆ ಸೂರು ಹಾಕೋಣ ಅಂದವಳೂ ಮಂಗಳಾ. ಮೊದಲ ದಿನ ಹಿಂಡಿದ ಎಣ್ಣೆಯಲ್ಲಿ ಒಂದು ಬಟ್ಟಲು ತೆಗೆದುಕೊಂಡು ಹೋಗಿ ಗೌರನ ಹತ್ತಿರ ದೀಪ ಹಚ್ಚಿದಳು. ಮಿಕ್ಕದ್ದರಲ್ಲಿ ಒಂದು ಸೀಸೆ ನಿನಗೆ. ಪರಮೇಶಿ ತರುತ್ತಾನೆ. ಮಂಡಿಗೆ ಹಚ್ಚಿಕೋ ಅಂತ ಬರೆಯೋಣ ಅಂದುಕೊಂಡೆ, ಮಂಡಿ ಚೆನ್ನಾಗಿದೆಯಲ್ಲ, ತಲೆಗೆ ಹಚ್ಚಿಕೋ.

ಆ ಉಪ್ಪಿನ ವಿಷಯ ಅವತ್ತು ನಮ್ಮಿಬ್ಬರ ಪೈಕಿ ಯಾರೂ ಎತ್ತಲಿಲ್ಲ. ಅರ್ಥಿಂಗ್ ಗುಂಡಿ ತೆಗೆದ ಮೇಲೆ ಸೂರ್ಯಪ್ರಕಾಶ್ ಏನೂ ಅರಿಯದೆ, "ಇದ್ದಿಲು ಐತೆ, ಉಪ್ಪು ತನ್ನಿ ಸಾರ್, ಒಂದ್ ಮೂಟೆ ಬೇಕಾಯ್ತದೆ, ಉಪ್ಪಿದ್ರೇನೇ ಭೂಮಿ ಕರೆಂಟ್ ಎಳ್ಕೊಳಾದು" ಅಂದ. ನಾನು ನಿನ್ನ ಮುಖ ನೋಡಲಿಲ್ಲ. ನೀನು ನನ್ನ ಮುಖ ನೋಡಲಿಲ್ಲ. ನೀನೇ ಎದ್ದು ಪರಮೇಶಿಯ ವ್ಯಾನು ಹತ್ತಿದೆ, ಮೂಟೆ ತಂದೆ, ನೀನೇ ಹೊತ್ತು ಇಳಿಸಿದೆ, ಯಾರನ್ನೂ ಮುಟ್ಟಗೊಡಲಿಲ್ಲ. ಆಮೇಲೆ ಕೈ ಕೊಡವಿಕೊಂಡು, "ಕಡುಬು ಆಯ್ತೇನವ್ವಾ ಮಂಗಳಾ" ಅಂದೆಯಲ್ಲ, ಆಗ ನನಗೆ ಹಸಿವಾಯಿತು ಕಣ್ಲಾ. ಬಹಳ ದಿನದ ಮೇಲೆ.

ಗುಂಡಿಗೆ ದಿನಾ ಒಂದು ಬಿಂದಿಗೆ ನೀರು ಹಾಕಬೇಕಂತೆ, ಒಣಗಿದರೆ ಅರ್ಥಿಂಗ್ ಕೆಲಸ ಮಾಡುವುದಿಲ್ಲವಂತೆ. ಗೌರನ ಹೂವಿನ ಗಿಡಕ್ಕೆ ಹೇಗೂ ಸಂಜೆ ನೀರು ಹಾಕುತ್ತಿದ್ದೆ. ಈಗ ಎರಡು ಬಿಂದಿಗೆ. ತುರುವೇಕೆರೆಯ ಮಾತು ಬಿತ್ತು. ಮಂಗಳಾಳ ಅಣ್ಣನೇ ಬಂದು ಗಾಣ ನೋಡಿ, "ನಮ್ ಶೆಡ್ಡಿಗಿಂತ ಇದೇ ವಾಸಿ ಬುಡು" ಅಂದು ಎಣ್ಣೆ ತೆಗೆದುಕೊಂಡು ಹೋದ. ಸ್ವೆಟರ್ ಮಾತ್ರ ವಾಪಸ್ಸು ಕೊಡುವುದಿಲ್ಲ, ಅದು ಬೆಚ್ಚಗಿದೆ.

ರೀಡಿಂಗ್ ಬರೆಯಲು ಒಬ್ಬ ಹೊಸಬ ಬಂದಿದ್ದ. ಬೇಲಿಯ ಹತ್ತಿರ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಹೋಗಿ ಮೀಟರ್ ಓದಿ, ಕಲ್ಲಿಗೆ ಕೈ ಮುಗಿದು ಬಂದ. ಚಪ್ಪಲಿ ಯಾಕಪ್ಪ ಬಿಟ್ಟೆ ಅಂದರೆ, "ಕುಂಕುಮ ಹಚ್ಚವ್ರೆ, ಹೂ ಇಟ್ಟವ್ರೆ, ಯಾವ ದೇವ್ರು ಅಂತ ಗೊತ್ತಾಗ್ನಿಲ್ಲ" ಅಂದ. ಮಂಗಳಾ ಬಿದ್ದು ಬಿದ್ದು ನಕ್ಕಳು.

ಕರುವಿಗೆ ಅವಳು ಹೆಸರು ಸೂಚಿಸಿದ್ದಾಳೆ. ಗೌರಿ. ನಿನಗೆ ಕರೆಯಲು ಕಷ್ಟವಾಗುತ್ತದೇನೋ ಅಂದೆ. "ಮೊದ್ಲು ಒಂದೆರಡ್ ದಿನ ಆಯ್ತದೆ, ಆಮೇಲೆ ಕೂಗಿ ಕೂಗಿ ಅಭ್ಯಾಸ ಆಯ್ತದೆ ಬುಡಿ ಮಾವ" ಅಂದಳು.

ಮತ್ತೆ ಇನ್ನೇನು. ಹಾಂ, ಆ ಹೊಸ ಮೀಟರಿನಲ್ಲಿ ಒಂದು ಕೆಂಪು ಚುಕ್ಕೆ ದೀಪ ಇದೆ. ನಮ್ಮ ಮನೆಯಲ್ಲಿ ಕರೆಂಟು ಖರ್ಚಾದ ಹಾಗೆಲ್ಲ ಅದು ಮಿಟುಕುತ್ತದೆ. ಒಂದೇ ಬಲ್ಬು ಉರಿದರೆ ನಿಧಾನ, ಮಿಕ್ಸಿ ಹಾಕಿದರೆ ಬೇಗ, ಗಾಣ ತಿರುಗಿದರೆ ರೆಪ್ಪೆ ಬಡಿದ ಹಾಗೆ ಪಟಪಟ. ಮನೆಯೊಳಗೆ ಯಾರು ಏನು ಹಾಕಿದರೂ ಅಲ್ಲಿ, ಅವಳ ಮಗ್ಗುಲಲ್ಲಿ, ಗೊತ್ತಾಗುತ್ತದೆ. ಹಗಲಿನಲ್ಲಿ ಬಿಸಿಲಿಗೆ ಆ ಚುಕ್ಕೆ ಜಗಲಿಯಿಂದ ಕಾಣಿಸುವುದಿಲ್ಲ, ಈ ಕಾಗದ ಶುರು ಮಾಡಿದಾಗಲೂ ಕಾಣುತ್ತಿರಲಿಲ್ಲ.

ಈಗ ಕಾಣುತ್ತಿದೆ. ಅಂದರೆ ಬೆಳಕು ಹೋಗುತ್ತಿದೆ. ಸಾಲು ಎಲ್ಲಿಗೆ ಹೋಗುತ್ತಿದೆಯೋ ತಿಳಿಯದಾಗಿದೆ, ಬಿಂದಿಗೆ ಎರಡೂ ಖಾಲಿ ಕೂತಿವೆ. ಏಳುತ್ತೇನೆ.

ಕರಿಬಸವ